ಈಡು ತುಂಬಿದ ಕೈ ಯಾವುದು?

ಸೆಪ್ಟೆಂಬರ್ ಮೊದಲ ವಾರ. ನಾಟಿ ಮುಗಿದಿದೆ. ಕೊಡಗಿನ ಮನೆಗಳಲ್ಲಿ ಕೈಲ್ ಪೊಳ್ದ್ ಹಬ್ಬದ ಸಡಗರ. ಕೋವಿ, ಒಡಿಕತ್ತಿಗಳನ್ನು ಒರೆಸಿ ಎಣ್ಣೆ ಹಚ್ಚಿ, ದೀಪದ ಮುಂದಿಟ್ಟು ಪೂಜೆ ಮಾಡುತ್ತಾರೆ. ಕೋವಿಗೆ ಸಿಕ್ಕಿಸುವ ಹೂ ಅಗ್ನಿಶಿಖೆ. ಕೊಡವರ ಬಾಯಲ್ಲಿ ಅದರ ಹೆಸರೇ ತೋಕ್ ಪೂ, ಅಂದರೆ ಕೋವಿಯ ಹೂ. ಪೂಜೆ, ಊಟ ಮುಗಿದ ಮೇಲೆ ಬಯಲಿನಲ್ಲಿ ಜನ ಸೇರುತ್ತಾರೆ. ದೂರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಶುರುವಾಗುತ್ತದೆ. ಕಾಯಿ ಒಡೆದರೆ ಚಪ್ಪಾಳೆ, ತಪ್ಪಿದರೆ ನಗು.

ಈ ಸ್ಪರ್ಧೆಗಳಲ್ಲಿ ಈಗ ಸಾಮಾನ್ಯವಾಗಿ ಕಾಣುವುದು ಪಾಯಿಂಟ್ 22 ರೈಫಲ್ ಮತ್ತು 12 ಬೋರಿನ ತೋಟಾ ಕೋವಿ. ಎರಡಕ್ಕೂ ಬೇಕಾದ ತೋಟಾ ಅಂಗಡಿಯಿಂದ ಪೆಟ್ಟಿಗೆಯಲ್ಲಿ ಬರುತ್ತದೆ. ಹೊಡೆಯುವವನ ಕೆಲಸ ಗುರಿ ಹಿಡಿಯುವುದು, ಕುದುರೆ ಎಳೆಯುವುದು, ಅಷ್ಟೇ. ಆದರೆ ಅಟ್ಟದ ಮೇಲೆ ಅಜ್ಜನ ಕೇಪಿನ ಕೋವಿ ಇರುವ ಮನೆಯವರಿಗೆ ಇನ್ನೊಂದು ವಿಷಯ ಗೊತ್ತಿರುತ್ತದೆ. ಆ ಕೋವಿಯಲ್ಲಿ ಗುರಿ ಹಿಡಿಯುವುದು ಅರ್ಧ ವಿದ್ಯೆ ಮಾತ್ರ. ಉಳಿದರ್ಧ ಈಡು ತುಂಬುವುದು.

ನಳಿಗೆಯ ಬಾಯಿಯಿಂದ ಅಳತೆಯ ಮದ್ದು ಸುರಿದು, ಮೇಲೆ ನಾರನ್ನೋ ಕಾಗದವನ್ನೋ ತುರುಕಿ, ಗಜದಿಂದ ಜಡಿದು, ಚರೆ ಅಥವಾ ಗುಂಡು ಹಾಕಿ, ಮತ್ತೆ ಜಡಿದು, ಕೊನೆಗೆ ಹಿಂದೆ ಕೇಪು ಕೂರಿಸಬೇಕು. ಮದ್ದು ಕಡಿಮೆಯಾದರೆ ಗುಂಡು ಕೆಳಗೆ ಬೀಳುತ್ತದೆ, ಹೆಚ್ಚಾದರೆ ಭುಜಕ್ಕೆ ಗುದ್ದುತ್ತದೆ, ತೀರಾ ಹೆಚ್ಚಾದರೆ ನಳಿಗೆಯೇ ಸೀಳುತ್ತದೆ. ಗುರಿ ತಪ್ಪಿದಾಗ ಕೈಯನ್ನು ದೂರಬೇಕೋ ಈಡನ್ನೋ ಎಂಬ ಜಗಳ ಇಲ್ಲಿಲ್ಲ. ತುಂಬಿದವನೂ ಹೊಡೆದವನೂ ಒಬ್ಬನೇ!

ಇವೆರಡು ಕೆಲಸಗಳು ಬೇರೆಯಾದದ್ದು ಯಾವಾಗ, ಹಟ ಹಿಡಿದ ಕೆಲವರು ಮತ್ತೆ ಅವನ್ನು ಒಂದುಗೂಡಿಸಿದ್ದು ಹೇಗೆ ಎಂಬ ಕತೆ ಸ್ವಾರಸ್ಯದ್ದು.

ಕೇಪಿನ ಮೂಲ ಹುಡುಕುತ್ತ ಹೋದರೆ ಸ್ಕಾಟ್ಲೆಂಡಿನ ಒಬ್ಬ ಪಾದ್ರಿ ಸಿಗುತ್ತಾನೆ. ಬೆಲ್‌ಹೆಲ್ವಿ ಎಂಬ ಊರಿನ ಅಲೆಕ್ಸಾಂಡರ್ ಫಾರ್ಸಿತ್‌ಗೆ ಬಾತುಕೋಳಿ ಬೇಟೆಯ ಹುಚ್ಚು. ಆಗಿನ ಚಕಮಕಿ ಕೋವಿಯಲ್ಲಿ ಮೊದಲು ಹೊರಗೆ ಕಿಡಿ ಹಾರಿ, ಹೊಗೆಯೆದ್ದು, ಆಮೇಲೆ ಗುಂಡು ಹೊರಡುತ್ತಿತ್ತು. ಅಷ್ಟರಲ್ಲಿ ಹಕ್ಕಿ ಪರಾರಿ. ಪಾದ್ರಿ ಬೇಸತ್ತು, ಪೆಟ್ಟು ಬಿದ್ದರೆ ಸಿಡಿಯುವ ರಾಸಾಯನಿಕದಿಂದ ಮದ್ದಿಗೆ ಕಿಡಿ ಮುಟ್ಟಿಸುವ ಉಪಾಯ ಕಂಡುಹಿಡಿದು 1807ರಲ್ಲಿ ಅದರ ಹಕ್ಕುಸ್ವಾಮ್ಯ ಪಡೆದ. ನಮ್ಮ ಮಲೆನಾಡಿನ ಕೇಪಿಗೆ ಈ ಪಾದ್ರಿಯೇ ಮುತ್ತಜ್ಜ.

ಸೈನ್ಯಗಳು ಒಂದೊಂದು ಈಡಿನ ಮದ್ದನ್ನೂ ಗುಂಡನ್ನೂ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟವು. ಸಿಪಾಯಿ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದು ಸುರಿಯಬೇಕಿತ್ತು. ಈ ಪೊಟ್ಟಣವನ್ನು ನಾವು ಶಾಲೆಯಲ್ಲೇ ಓದಿದ್ದೇವೆ. ಎನ್‌ಫೀಲ್ಡ್ ಕೋವಿಯ ತೋಟಾಕ್ಕೆ ಹಸು, ಹಂದಿಯ ಕೊಬ್ಬು ಸವರಿದ್ದಾರೆಂಬ ಸುದ್ದಿ 1857ರಲ್ಲಿ ಏನು ಮಾಡಿತೆಂದು ಬೇರೆ ಹೇಳಬೇಕಿಲ್ಲ. ಇನ್ನೊಬ್ಬರು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಏನಿದೆಯೋ ಎಂಬ ಅನುಮಾನವೂ ಅಂದಿನ ಸಿಪಾಯಿಯ ಮನಸ್ಸಿನಲ್ಲಿತ್ತು ಎಂಬುದನ್ನು ಮಾತ್ರ ಈ ಕತೆಗಾಗಿ ನೆನಪಿಡೋಣ.

ಪೊಟ್ಟಣವಿದ್ದರೂ ತುಂಬುವ ಕೆಲಸ ಸಿಪಾಯಿಯದೇ. ಗಾಬರಿಯಲ್ಲಿ ಅದು ಎಷ್ಟು ಕೆಡುತ್ತದೆ ಎಂಬುದಕ್ಕೆ ಅಮೆರಿಕದ ಅಂತರ್ಯುದ್ಧದ ಒಂದು ಲೆಕ್ಕ ಪ್ರಸಿದ್ಧ. 1863ರ ಗೆಟ್ಟಿಸ್‌ಬರ್ಗ್ ಕದನದ ನಂತರ ರಣರಂಗದಲ್ಲಿ ಹೆಕ್ಕಿದ ಸುಮಾರು 27 ಸಾವಿರ ಕೋವಿಗಳಲ್ಲಿ 24 ಸಾವಿರದಷ್ಟು ಕೋವಿಗಳು ಈಡು ತುಂಬಿದ ಸ್ಥಿತಿಯಲ್ಲೇ ಇದ್ದವಂತೆ. ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಈಡು. ಕೆಲವದರಲ್ಲಿ ಅದಕ್ಕಿಂತಲೂ ಹೆಚ್ಚು. ಮೊದಲ ಈಡು ಹಾರಿಲ್ಲವೆಂಬುದು ಗದ್ದಲದಲ್ಲಿ ಅವರಿಗೆ ತಿಳಿದೇ ಇರಲಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಹಿತ್ತಾಳೆಯ ತೋಟಾ. ಮದ್ದು, ಗುಂಡು, ಕೇಪು ಮೂರೂ ಒಂದೇ ಡಬ್ಬಿಯಲ್ಲಿ. ಕೋವಿಯ ಹಿಂಬದಿಯಿಂದ ತುರುಕಿದರೆ ಮುಗಿಯಿತು. ಹೊಡೆದ ಮೇಲೆ ಮದ್ದು ಉರಿದಿರುತ್ತದೆ, ಗುಂಡು ಹೋಗಿರುತ್ತದೆ, ಕೇಪು ಜಜ್ಜಿರುತ್ತದೆ. ಆದರೆ ಎಲ್ಲಕ್ಕಿಂತ ದುಬಾರಿಯಾದ ಹಿತ್ತಾಳೆಯ ಡಬ್ಬಿ ಹಾಗೇ ಉಳಿದಿರುತ್ತದೆ. ಅದನ್ನು ಎಸೆಯುವುದೇಕೆ? ಮರುತುಂಬುವಿಕೆಯೆಂಬ ವಿದ್ಯೆ ಹುಟ್ಟಿದ್ದೇ ಈ ಪ್ರಶ್ನೆಯಿಂದ.

ಇಲ್ಲೊಂದು ಸಣ್ಣ ತೂತಿನ ಕತೆ ಇದೆ. 1866ರಲ್ಲಿ ಇಬ್ಬರು ಬೇರೆ ಬೇರೆಯಾಗಿ ತೋಟಾದ ಬುಡಕ್ಕೆ ಕೇಪು ಕೂರಿಸುವ ವಿಧಾನ ಕಂಡುಹಿಡಿದರು. ಒಬ್ಬ ಇಂಗ್ಲೆಂಡಿನ ವುಲ್ವಿಚ್ ಶಸ್ತ್ರಾಗಾರದ ಎಡ್ವರ್ಡ್ ಬಾಕ್ಸರ್. ಇನ್ನೊಬ್ಬ ಅಂತರ್ಯುದ್ಧದಲ್ಲಿ ಗುರಿಕಾರರ ದಳ ಕಟ್ಟಿದ್ದ ಅಮೆರಿಕದ ಹೈರಮ್ ಬರ್ಡನ್. ಬಾಕ್ಸರನ ತೋಟಾದ ಬುಡದಲ್ಲಿ ನಡುವೆ ಒಂದೇ ತೂತು. ಬಾಯಿಯಿಂದ ಒಂದು ಕಡ್ಡಿ ತೂರಿಸಿ ಒತ್ತಿದರೆ ಹಳೆಯ ಕೇಪು ಹೊರಗೆ ಬೀಳುತ್ತದೆ. ಬರ್ಡನ್ ತೋಟಾದಲ್ಲಿ ನಡುವೆ ಹಿತ್ತಾಳೆಯ ಪುಟ್ಟ ಗುಬುಟು, ಅದರ ಅಕ್ಕಪಕ್ಕ ಎರಡು ಕಿರುತೂತು. ಕಡ್ಡಿ ಹೋಗುವುದಿಲ್ಲ, ಕೇಪು ಸುಲಭಕ್ಕೆ ಹೊರಬರುವುದಿಲ್ಲ.

ತಮಾಷೆಯೆಂದರೆ ಇಂಗ್ಲಿಷಿನವನ ಕೇಪು ಅಮೆರಿಕದಲ್ಲಿ ನೆಲೆಯೂರಿತು, ಅಮೆರಿಕದವನದು ಯೂರೋಪಿನ ಸೈನ್ಯಗಳಲ್ಲಿ. ಹೀಗಾಗಿ ಅಮೆರಿಕದ ರೈತ, ಬೇಟೆಗಾರ ಖಾಲಿ ತೋಟಾವನ್ನು ಅಡುಗೆಮನೆಯ ಮೇಜಿನ ಮೇಲೆ ತಾನೇ ತುಂಬಿಕೊಂಡ. 1880ರ ದಶಕದಲ್ಲಿ ಅಲ್ಲಿನ ಜಾನ್ ಬಾರ್ಲೊ ಎಂಬಾತ ಇದಕ್ಕೆಂದೇ ಇಕ್ಕಳದಂಥ ಕೈಸಾಧನವನ್ನು ಮಾರಾಟಕ್ಕೆ ತಂದ. ಬ್ರಿಟಿಷ್ ಸೈನ್ಯದ ಪಾಯಿಂಟ್ 303 ತೋಟಾದಲ್ಲಿ ಇದ್ದದ್ದು ಬರ್ಡನ್ ಕೇಪು. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಳ ಕಾಲ ನೇತಾಡಿದ ರೈಫಲ್ ಇದೇ ಪಾಯಿಂಟ್ 303.

ಮರುತುಂಬುವ ಕೆಲಸ ಹೇಳಲು ಸುಲಭ, ಮಾಡಲು ತಾಳ್ಮೆ ಬೇಕು. ಹೊಡೆದಾಗ ಹಿತ್ತಾಳೆ ಒತ್ತಡಕ್ಕೆ ಹಿಗ್ಗಿರುತ್ತದೆ. ಅದನ್ನು ಅಚ್ಚಿಗೆ ಒತ್ತಿ ಮೊದಲಿನ ಅಳತೆಗೆ ತರಬೇಕು. ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಗುಂಡನ್ನು ನೆಟ್ಟಗೆ ಕೂರಿಸಬೇಕು. ಮದ್ದಿನ ತೂಕ ಗ್ರೇನ್‌ನಲ್ಲಿ. ಒಂದು ಪೌಂಡಿಗೆ 7,000 ಗ್ರೇನ್. ನಮ್ಮ ಅಕ್ಕಸಾಲಿಗರ ಗುಲಗಂಜಿಯೊಂದು ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ ಎಂದರೆ ಅಂದಾಜು ಸಿಗಬಹುದು. ಸ್ಪರ್ಧೆಗೆ ತುಂಬುವವರು ಗ್ರೇನಿನ ಹತ್ತರಲ್ಲೊಂದು ಪಾಲನ್ನೂ, ಅಂದರೆ ಎರಡು ಮೂರು ಸಾಸಿವೆ ಕಾಳಿನ ತೂಕವನ್ನೂ ಬಿಡುವುದಿಲ್ಲ. ಈ ಜುಗ್ಗತನಕ್ಕೆ ಕಾರಣವಿದೆ. ಮದ್ದಿನಲ್ಲಿ ಏರುಪೇರಾದರೆ ಗುಂಡಿನ ವೇಗ ಏರುಪೇರಾಗುತ್ತದೆ. ಐವತ್ತು ಗಜದಲ್ಲಿ ಅದು ಕಾಣಿಸದು. ಸಾವಿರ ಗಜದಲ್ಲಿ ಒಂದು ಗುಂಡು ಮೇಲೆ, ಇನ್ನೊಂದು ಕೆಳಗೆ ಬಿದ್ದು ತಪ್ಪು ಬಯಲಾಗುತ್ತದೆ.

ತಪ್ಪಿಗೆ ಅಂಕ ಮಾತ್ರ ದಂಡವಲ್ಲ. ಫ್ರಾನ್ಸಿನ ಪಾಲ್ ವಿಯೇಲ್ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದ. ಅದಕ್ಕಿಂತ ಮೊದಲಿನ ಕರಿಮದ್ದನ್ನು ತೋಟಾ ತುಂಬ ಸುರಿಯುವುದು ರೂಢಿಯಾಗಿತ್ತು. ಹೊಸ ಮದ್ದು ಅಷ್ಟೇ ಜಾಗದಲ್ಲಿ ಹಲವು ಪಟ್ಟು ಶಕ್ತಿ ತುಂಬಿಕೊಂಡಿತ್ತು. ಹಳೆಯ ಅಳತೆಯಲ್ಲೇ ಹೊಸದನ್ನು ತುಂಬಿದ ಕೋವಿಗಳು ಹೊಡೆದವನ ಕೈಯಲ್ಲೇ ಛಿದ್ರವಾದವು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡಿನ ತಯಾರಿಕೆಗೆ ಪರವಾನಗಿ ಬೇಕೆನ್ನುವುದು ಸುಮ್ಮನೆ ಅಲ್ಲ.

ಇನ್ನು ಸ್ಪರ್ಧೆಯ ವಿಷಯಕ್ಕೆ ಬರೋಣ. ಬ್ರಿಟನ್ನಿನ ರಾಷ್ಟ್ರೀಯ ರೈಫಲ್ ಸಂಸ್ಥೆ ಸ್ಥಾಪನೆಯಾದದ್ದು 1859ರಲ್ಲಿ. ಮರುವರ್ಷ ವಿಂಬಲ್ಡನ್ ಬಯಲಿನಲ್ಲಿ ಅದರ ಮೊದಲ ಕೂಟ. ಟೆನಿಸ್ಸಿಗಿಂತ ಮೊದಲು ವಿಂಬಲ್ಡನ್ ಹೆಸರಾದದ್ದು ಗುಂಡಿನ ಸದ್ದಿಗೆ! ಉದ್ಘಾಟನೆಯ ಗುಂಡು ಹಾರಿಸಿದವಳು ವಿಕ್ಟೋರಿಯಾ ರಾಣಿ. ವಿಟ್‌ವರ್ತ್ ರೈಫಲನ್ನು ಮೊದಲೇ ಈಡು ತುಂಬಿ, ಗುರಿ ನೋಡಿ, ಕಬ್ಬಿಣದ ಚೌಕಟ್ಟಿಗೆ ಬಿಗಿದಿಟ್ಟಿದ್ದರು. ರಾಣಿ ರೇಷ್ಮೆ ದಾರ ಎಳೆದಳು. 400 ಗಜ ದೂರದ ಗುರಿಯ ನಡುಬಿಂದುವಿನಿಂದ ಒಂದೂವರೆ ಅಂಗುಲದೊಳಗೆ ಗುಂಡು ಬಿತ್ತು. ಚಪ್ಪಾಳೆ ರಾಣಿಗೆ ಸಂದಿತು. ಆದರೆ ಆ ಗುರಿ ಯಾರದು? ದಾರ ಎಳೆದವಳದೋ, ಈಡು ತುಂಬಿದವನದೋ?

ಈ ಪ್ರಶ್ನೆ ಇನ್ನಷ್ಟು ಜೋರಾಗಿ ಎದ್ದದ್ದು 1874ರಲ್ಲಿ, ನ್ಯೂಯಾರ್ಕಿನ ಹೊರವಲಯದ ಕ್ರೀಡ್‌ಮೂರ್ ಮೈದಾನದಲ್ಲಿ. ಹಿಂದಿನ ವರ್ಷ ವಿಂಬಲ್ಡನ್ನಿನಲ್ಲಿ ಗೆದ್ದ ಹುಮ್ಮಸ್ಸಿನಲ್ಲಿ ಐರ್ಲೆಂಡಿನ ತಂಡ ಅಮೆರಿಕಕ್ಕೆ ಸವಾಲು ಹಾಕಿತ್ತು. ತಲಾ ಆರು ಜನ. 800, 900 ಮತ್ತು 1,000 ಗಜ ದೂರಗಳಲ್ಲಿ ಒಬ್ಬೊಬ್ಬರಿಗೂ ಹದಿನೈದು ಹದಿನೈದು ಗುಂಡು. ಐರಿಷರದು ಬಾಯಿಯಿಂದ ತುಂಬುವ ರಿಗ್ಬಿ ಕೋವಿಗಳು. ಅಮೆರಿಕನ್ನರು ಹಿಂಬದಿಯಿಂದ ತೋಟಾ ಹಾಕುವ ರೆಮಿಂಗ್ಟನ್, ಶಾರ್ಪ್ಸ್ ಕೋವಿ ಹಿಡಿದಿದ್ದರು. ಹಿಂದಿನಿಂದ ತುಂಬುವ ಕೋವಿಗೆ ಅಷ್ಟು ದೂರದ ಗುರಿ ಸಾಧ್ಯವಿಲ್ಲವೆಂದು ಬಲ್ಲವರು ಹೇಳುತ್ತಿದ್ದ ಕಾಲವದು.

ಐರಿಷರ ಮೊತ್ತ 931ಕ್ಕೆ ನಿಂತಿತು. ಅಮೆರಿಕದ್ದು 930, ಉಳಿದದ್ದು ಒಂದೇ ಗುಂಡು. ಹೊಡೆಯಬೇಕಾದವನು ಜಾನ್ ಬೋಡೈನ್. ಸ್ವಲ್ಪ ಮುಂಚೆಯಷ್ಟೇ ಶುಂಠಿ ಪಾನೀಯದ ಸೀಸೆ ಒಡೆದು ಅವನ ಅಂಗೈ ಕೊಯ್ದಿತ್ತು. ಕರವಸ್ತ್ರ ಸುತ್ತಿಕೊಂಡು, ಸಾವಿರ ಗಜದಾಚೆಗೆ ಹೊಡೆದ. ನಡುಬಿಂದು! ನಾಲ್ಕು ಅಂಕ. 934ಕ್ಕೆ 931. ಐರಿಷ್ ತಂಡದ ಮಿಲ್ನರ್ ಹೊಡೆದ ಒಂದು ಗುಂಡೂ ನಡುಬಿಂದುವಿಗೇ ಬಿದ್ದಿತ್ತು, ಆದರೆ ಪಕ್ಕದ ಗುರಿಫಲಕದ ನಡುಬಿಂದುವಿಗೆ! ಆ ನಾಲ್ಕು ಅಂಕ ಸಿಕ್ಕಿದ್ದರೆ ಐರ್ಲೆಂಡ್ ಒಂದು ಅಂಕದಿಂದ ಗೆಲ್ಲುತ್ತಿತ್ತು. ಹೊಸ ಕೋವಿ ಹಳೆಯದನ್ನು ಸೋಲಿಸಿತೆಂದು ಅಮೆರಿಕ ಸಂಭ್ರಮಿಸಿತು. ನನಗೇನೋ ಮಿಲ್ನರನ ಒಂದು ಕ್ಷಣದ ಮೈಮರೆವು ಗೆದ್ದಂತೆ ಕಾಣುತ್ತದೆ.

ಗೆದ್ದ ಅಮೆರಿಕನ್ನರೇ ಮುಂದೆ ಕೈ ತುಂಬಿದ ಈಡಿನ ಕಡೆಗೆ ತಿರುಗಿದ್ದು ವಿಚಿತ್ರ. ಅಲ್ಲಿ ನೆಲೆಸಿದ ಜರ್ಮನರ ಶೂಟ್ಸೆನ್ ಕೂಟಗಳಲ್ಲಿ ನಿಂತೇ ಇನ್ನೂರು ಗಜಕ್ಕೆ ಹೊಡೆಯುವ ಸ್ಪರ್ಧೆ. ಪಳಗಿದವರು ದಿನವಿಡೀ ಒಂದೇ ತೋಟಾ ಬಳಸುತ್ತಿದ್ದರು. ಹೊಡೆದು, ಹೊರತೆಗೆದು, ಅಲ್ಲೇ ಕೇಪು ಬದಲಿಸಿ, ಮದ್ದು ತುಂಬಿ ಮತ್ತೆ ಅದನ್ನೇ ಹಾಕುವುದು. ತೋಟಾ ಬದಲಾದರೆ ಗುರಿಯೂ ಬದಲಾದೀತೆಂಬ ಎಚ್ಚರ. ನಳಿಗೆ ತಯಾರಿಕೆಯಲ್ಲಿ ಹೆಸರಾದ ಹ್ಯಾರಿ ಪೋಪ್ ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದ. ಅವನ ಕೋವಿಗೆ ಮದ್ದಿನ ತೋಟಾ ಹಿಂಬದಿಯಿಂದ, ಗುಂಡು ಮಾತ್ರ ಅಜ್ಜನ ಕಾಲದಂತೆ ನಳಿಗೆಯ ಬಾಯಿಯಿಂದ!

ಹಣ ಉಳಿಸಲು ಶುರುವಾದ ಕೆಲಸ ಹೀಗೆ ಗುರಿಯ ವಿದ್ಯೆಯ ಭಾಗವಾಯಿತು. ಆಗ ನ್ಯಾಯದ ಪ್ರಶ್ನೆ ಬಂತು. ಚೆನ್ನಾಗಿ ತುಂಬಬಲ್ಲವನು ಸಾಧಾರಣ ಗುರಿಕಾರನಾಗಿಯೂ ಗೆಲ್ಲಬಹುದಲ್ಲವೆ? ಬ್ರಿಟಿಷರು ಎರಡು ಬಗೆಯ ಉತ್ತರ ಕೊಟ್ಟರು. 1890ರಲ್ಲಿ ವಿಂಬಲ್ಡನ್ ಬಿಟ್ಟು ಬಿಸ್ಲಿಗೆ ಹೋದ ಅವರ ಕೂಟದ ದೊಡ್ಡ ಬಹುಮಾನದ ಸ್ಪರ್ಧೆಯಲ್ಲಿ ಎಲ್ಲರಿಗೂ ಒಂದೇ ಬಗೆಯ ತೋಟಾ ಹಂಚುವ ಪದ್ಧತಿ ಬೆಳೆಯಿತು. ಅದೇ ಮೈದಾನದ ಮ್ಯಾಚ್ ರೈಫಲ್ ಎಂಬ ವಿಭಾಗದಲ್ಲಿ ಮಾತ್ರ ಸ್ವಂತ ತೋಟಾ ತುಂಬಿ ತರಬಹುದು. ಕೆನಡಾದ ಜಾರ್ಜ್ ಫಾರ್ಕ್ವರ್ಸನ್ ಹುಟ್ಟುಹಾಕಿದ ಎಫ್ ಕ್ಲಾಸ್ ಸ್ಪರ್ಧೆಯಲ್ಲೂ ಹಾಗೆಯೇ. ಸಾವಿರ ಗಜದ ಈ ಆಟದಲ್ಲಿ ಮುಂದಿನ ಸಾಲಿನವರ ಕೈಯಲ್ಲಿ ಅಂಗಡಿಯ ತೋಟಾ ಕಾಣುವುದು ಅಪರೂಪ.

ನಮ್ಮ ದೇಶಕ್ಕೆ ಹೆಸರು ತಂದದ್ದು ಈ ಬಗೆಯ ಶೂಟಿಂಗ್ ಅಲ್ಲ. ಲೋಕಸಭೆಯ ಮೊದಲ ಸ್ಪೀಕರ್ ಮಾವಳಂಕರ್ ಅವರ ಅಧ್ಯಕ್ಷತೆಯಲ್ಲಿ 1951ರಲ್ಲಿ ಭಾರತದ ರಾಷ್ಟ್ರೀಯ ರೈಫಲ್ ಸಂಸ್ಥೆ ಆರಂಭವಾಯಿತು. ಬಿಕಾನೇರದ ಕರ್ಣಿ ಸಿಂಗ್ 1962ರ ಕೈರೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹಾರುವ ಮಣ್ಣಿನ ಬಿಲ್ಲೆಗಳಿಗೆ ಹೊಡೆದು ಬೆಳ್ಳಿ ಗೆದ್ದರು. ರಾಜ್ಯವರ್ಧನ್ ಸಿಂಗ್ ರಾಠೋಡ್ 2004ರಲ್ಲಿ ಅಥೆನ್ಸಿನಲ್ಲಿ ಬೆಳ್ಳಿ ತಂದರು. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದದ್ದು ಏರ್ ರೈಫಲ್‌ನಲ್ಲಿ. ಅಲ್ಲಿ ಮದ್ದೇ ಇಲ್ಲ, ಗಾಳಿಯ ಒತ್ತಡ ಅಷ್ಟೆ. ಸ್ವಪ್ನಿಲ್ ಕುಸಾಳೆ 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯ ಪಾಯಿಂಟ್ 22 ತೋಟಾಕ್ಕೆ ಪ್ರತ್ಯೇಕ ಕೇಪೇ ಇರುವುದಿಲ್ಲ. ಸಿಡಿಯುವ ಪದಾರ್ಥ ಅಂಚಿನ ಮಡಿಕೆಯೊಳಗೆ ಅಡಗಿರುತ್ತದೆ. ಹೊಡೆದಾಗ ಅಂಚು ಜಜ್ಜಿಹೋಗುವುದರಿಂದ ಮತ್ತೆ ತುಂಬುವ ಮಾತೇ ಇಲ್ಲ.

ಹಾಗೆಂದು ಒಲಿಂಪಿಕ್ ಗುರಿಕಾರರು ತೋಟಾದ ಚಿಂತೆ ಬಿಟ್ಟಿಲ್ಲ. ಒಂದೇ ಕಾರ್ಖಾನೆ, ಒಂದೇ ಹೆಸರು, ಆದರೂ ಒಂದು ಕಂತಿನಲ್ಲಿ ತಯಾರಾದ ತೋಟಾ ಇನ್ನೊಂದರಂತೆ ಇರುವುದಿಲ್ಲ. ತಯಾರಕರ ಪರೀಕ್ಷಾ ಕೇಂದ್ರಕ್ಕೆ ತಮ್ಮ ರೈಫಲ್ ಒಯ್ದು, ಹತ್ತಾರು ಕಂತುಗಳನ್ನು ಹೊಡೆದು ನೋಡಿ, ತಮ್ಮ ನಳಿಗೆಗೆ ಒಪ್ಪುವುದನ್ನು ಆರಿಸಿ ತರುತ್ತಾರೆ. ತುಂಬುವ ಕೈ ತಪ್ಪಿದರೂ ಆರಿಸುವ ಕಣ್ಣು ಉಳಿದಿದೆ.

ಮತ್ತೆ ಕೊಡಗಿಗೆ ಬರೋಣ. 1861ರಲ್ಲಿ ಬ್ರಿಟಿಷರು ನಿರಾಯುಧೀಕರಣ ಕಾಯ್ದೆಯಿಂದ ಕೊಡಗಿನವರಿಗೆ ವಿನಾಯಿತಿ ಕೊಟ್ಟರು. ಸ್ವಾತಂತ್ರ್ಯದ ನಂತರವೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಅದು ಮುಂದುವರಿಯಿತು. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ವಿಚಾರಣೆ ನಡೆಸಿದ ಕರ್ನಾಟಕ ಹೈಕೋರ್ಟ್ 2021ರಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು.

ಕಾನೂನು ಕೋವಿಯನ್ನು ಉಳಿಸಿತು. ಆದರೆ ಈಡು ತುಂಬುವ ವಿದ್ಯೆಯನ್ನು ಉಳಿಸುವುದು ಕಾನೂನಿನ ಕೈಯಲ್ಲಿಲ್ಲ. ತೆಂಗಿನಕಾಯಿ ಸ್ಪರ್ಧೆಗೆ ಪೆಟ್ಟಿಗೆಯ ತೋಟಾ ಇರುವಾಗ ಗಜ ಹಿಡಿದು ಜಡಿಯುವ ತಾಳ್ಮೆ ಯಾರಿಗಿದೆ? ಕೇಪಿನ ಕೋವಿಗೆ ಕೆಲಸ ಉಳಿದಿರುವುದು ಹೆಚ್ಚಾಗಿ ಗುರಿಯೇ ಇಲ್ಲದ ಕಡೆ. ಪುತ್ತರಿಯಲ್ಲಿ ಕದಿರು ಕೊಯ್ಯುವ ಮುಂಚೆ ಆಕಾಶಕ್ಕೊಂದು ಗುಂಡು. ಗಂಡು ಮಗು ಹುಟ್ಟಿದರೆ ಒಂದು, ಮನೆಯಲ್ಲಿ ಸಾವಾದರೆ ಎರಡು. ಸದ್ದು ಕೇಳಿದ ನೆರೆಯವರು ಎರಡನೆಯದಕ್ಕಾಗಿ ಒಂದು ಕ್ಷಣ ಕಿವಿಗೊಟ್ಟು ನಿಲ್ಲುತ್ತಾರೆ.