೩೨ ಡಾಲರಿನ ಮೀನು

ಹೊನ್ನಾವರದಲ್ಲಿ ಕೆಲಕಾಲ ತಂಗಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತನು ಕ್ರಿ. ಶ. ೧೩೪೩ರ ಸುಮಾರಿಗೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಮಾಲ್ದೀವಿಗೆ ಹೋದನು. ಅಲ್ಲಿ ಖಾಜಿಯ ಪದವಿಯನ್ನೂ ಪಡೆದ ಆತನು ಆ ಹವಳದ್ವೀಪಗಳ ವ್ಯಾಪಾರವನ್ನು ವರ್ಣಿಸುವಾಗ ಒಣಮೀನು, ತೆಂಗಿನ ನಾರು, ಕವಡೆ ಇವುಗಳನ್ನು ಹೇಳಿದ್ದಾನೆ. ಶಾರ್ಕ್ ಮೀನಿಗೆ ದೊಡ್ಡ ಬೆಲೆ ಬಂದದ್ದು ಬಹಳ ಈಚೆಗೆ. ಬಂದ ಬಗೆಯೂ ವಿಚಿತ್ರವೇ: ಮೊದಲು ಸತ್ತ ಶಾರ್ಕಿಗೆ, ಆಮೇಲೆ ಬದುಕಿರುವ ಶಾರ್ಕಿಗೆ.

ಹಿಂದಿನ ಮಾಲ್ದೀವಿನವರು ಶಾರ್ಕನ್ನು ಹಿಡಿಯುತ್ತಲೇ ಇರಲಿಲ್ಲವೆಂದಲ್ಲ. ದೊಡ್ಡ ಶಾರ್ಕುಗಳ ಯಕೃತ್ತಿನಿಂದ ಎಣ್ಣೆ ತೆಗೆದು ಮರದ ದೋಣಿಗಳಿಗೆ ಬಳಿಯುತ್ತಿದ್ದರು. ದೋಣಿಗೆ ಬೇಕಾದಷ್ಟೇ ಬೇಟೆ. ೧೯೭೦ರ ದಶಕದಲ್ಲಿ ದೋಣಿಗಳಿಗೆ ಯಂತ್ರ ಬಂತು. ಸಾಲುಸಾಲಾಗಿ ಗಾಳ ಕಟ್ಟಿದ ಉದ್ದನೆಯ ಹಗ್ಗಗಳೂ ಬಲೆಗಳೂ ಬಂದವು. ಪೂರ್ವ ಏಷ್ಯಾದ ಔತಣಗಳ ಸೂಪಿಗಾಗಿ ರೆಕ್ಕೆಗಳನ್ನು ಕೊಳ್ಳುವ ಪೇಟೆಯೂ ತೆರೆಯಿತು. ಹವಳದ ದಿಬ್ಬಗಳ ಬೂದುಬಣ್ಣದ ಶಾರ್ಕು ಸುಮಾರು ಒಂದು ವರ್ಷ ಗರ್ಭ ಧರಿಸಿ ಹೆರುವುದು ಒಂದರಿಂದ ಆರು ಮರಿಗಳನ್ನು ಮಾತ್ರ. ಸಾವಿರಾರು ಮೊಟ್ಟೆಯಿಡುವ ಮೀನುಗಳಂತೆ ನಷ್ಟವನ್ನು ಬೇಗ ತುಂಬಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಬಸಿರು ಬಡವಾದ ಜೀವಕ್ಕೆ ಬಲೆ ಶ್ರೀಮಂತವಾದರೆ ಗತಿಯೇನು?

ಅದೇ ದಶಕದಲ್ಲಿ, ೧೯೭೨ರಲ್ಲಿ, ಮಾಲ್ದೀವಿನ ಮೊದಲ ಪ್ರವಾಸಿ ವಸತಿ ತೆರೆಯಿತು. ಬಂದವರು ನೀರಿಗಿಳಿದರು, ಶಾರ್ಕನ್ನು ಕಣ್ಣಾರೆ ನೋಡಬೇಕೆಂದರು, ಅದಕ್ಕೆ ಹಣವನ್ನೂ ಕೊಟ್ಟರು. ೧೯೯೩ರಲ್ಲಿ ಚಾರ್ಲ್ಸ್ ಆಂಡರ್ಸನ್ ಮತ್ತು ಹುದಾ ಅಹ್ಮದ್ ಎಂಬ ಇಬ್ಬರು ತಜ್ಞರು ಇದರ ಲೆಕ್ಕ ಹಾಕಿದರು. ಹಿಡಿದ ಒಂದು ಬೂದು ಶಾರ್ಕಿನಿಂದ ಮೀನುಗಾರನಿಗೆ ಸಿಕ್ಕುತ್ತಿದ್ದುದು ೩೨ ಡಾಲರು, ಅದೂ ಒಂದೇ ಸಲ. ಬದುಕಿದ್ದರೆ ಅದೇ ಶಾರ್ಕು ಪ್ರವಾಸೋದ್ಯಮಕ್ಕೆ ವರ್ಷಕ್ಕೆ ಸರಾಸರಿ ೩,೩೦೦ ಡಾಲರು ತರುತ್ತಿತ್ತು. 'ಫಿಶ್ ಹೆಡ್' ಎಂಬ ಪ್ರಸಿದ್ಧ ದಿಬ್ಬದಲ್ಲಿ ಒಂದೊಂದರ ಗಳಿಕೆ ೩೩,೫೦೦ ಡಾಲರು!

ಕರುಣೆಯ ಮಾತಿಗೆ ಬಗ್ಗದ ಲೋಕ ಲೆಕ್ಕದ ಮಾತಿಗೆ ಬಗ್ಗುತ್ತದೆ. ೧೯೯೫ರಲ್ಲಿ ಆ ದಿಬ್ಬಕ್ಕೆ ರಕ್ಷಣೆ ದೊರೆಯಿತು. ೧೯೯೮ರಲ್ಲಿ ಏಳು ದ್ವೀಪವಲಯಗಳಲ್ಲಿ ಹತ್ತು ವರ್ಷಗಳ ಕಾಲ ಶಾರ್ಕ್ ಬೇಟೆಯನ್ನು ನಿಲ್ಲಿಸಿದರು. ೨೦೧೦ರಲ್ಲಿ ಇಡೀ ದೇಶಕ್ಕೇ ನಿಷೇಧ ವ್ಯಾಪಿಸಿತು.

ಕಥೆ ಇಲ್ಲಿಗೇ ಮುಗಿದಿದ್ದರೆ ನೀತಿಪಾಠದ ಪುಸ್ತಕಕ್ಕೆ ಸೇರಿಸಬಹುದಾಗಿತ್ತು. ಆದರೆ ಆ ಲೆಕ್ಕವನ್ನು ಇನ್ನೊಮ್ಮೆ ಓದಿರಿ. ೩೨ ಡಾಲರು ಸೇರುತ್ತಿದ್ದುದು ಮೀನುಗಾರನ ಕೈಗೆ. ೩,೩೦೦ ಡಾಲರು ಸೇರುವುದು ವಸತಿಗೃಹದವರ, ಮುಳುಗಾಟ ಕಲಿಸುವವರ ಪೆಟ್ಟಿಗೆಗೆ. ದೇಶಕ್ಕೆ ಲಾಭವಾಯಿತು, ನಿಜ. ನಷ್ಟ ಹೊತ್ತವನೇ ಬೇರೆ. ಅದರ ಮೇಲೆ, ಗಾಳಕ್ಕೆ ಬಿದ್ದ ಮೀನನ್ನು ಶಾರ್ಕುಗಳು ಕಚ್ಚಿಕೊಂಡು ಹೋಗುತ್ತವೆಂದು ಅವನು ಗೊಣಗಿದರೆ ತಪ್ಪೆನ್ನಲಾದೀತೆ? ೨೦೨೧ರಲ್ಲಿ ನಿಷೇಧವನ್ನು ಸಡಿಲಿಸುವ ಮಾತು ಸರ್ಕಾರದಲ್ಲಿಯೇ ಹುಟ್ಟಿತು. ವಿರೋಧ ಬಂದುದರಿಂದ ಅಡಗಿತು. ೨೦೨೫ರಲ್ಲಿ ಆಳಕಡಲಿನ ಶಾರ್ಕುಗಳ ಬೇಟೆಯನ್ನು ಮತ್ತೆ ತೆರೆಯುವ ಯೋಜನೆ ಪ್ರಕಟವಾಯಿತು. ಲೆಕ್ಕದ ಬಲದಿಂದ ಕಟ್ಟಿದ ಬೇಲಿಯನ್ನು ಇನ್ನೊಂದು ಲೆಕ್ಕ ಅಲುಗಿಸಬಲ್ಲದು.

ಬೇಲಿಯ ಅಗತ್ಯವಂತೂ ಕಡಿಮೆಯಾಗಿಲ್ಲ. ೫೮ ದೇಶ ಪ್ರದೇಶಗಳ ೩೭೧ ಹವಳದ ದಿಬ್ಬಗಳಲ್ಲಿ ಕ್ಯಾಮರಾ ಇಳಿಸಿ ನೋಡಿದ ವಿಜ್ಞಾನಿಗಳಿಗೆ ಸುಮಾರು ಐದರಲ್ಲೊಂದು ದಿಬ್ಬದಲ್ಲಿ ಒಂದು ಶಾರ್ಕೂ ಕಾಣಲಿಲ್ಲವೆಂಬುದು ೨೦೨೦ರಲ್ಲಿ ಬೆಳಕಿಗೆ ಬಂತು. ದಿಬ್ಬಗಳಲ್ಲಿ ಸಾಮಾನ್ಯವೆನಿಸಿದ್ದ ಐದು ಜಾತಿಗಳು ಶೇಕಡಾ ೬೦ರಿಂದ ೭೩ರಷ್ಟು ಇಳಿದಿವೆಯೆಂದು ೨೦೨೩ರಲ್ಲಿ ತಿಳಿಯಿತು. ಬಿಗಿಯಾದ ಕಟ್ಟುಪಾಡುಗಳಿರುವ ಕಡೆ ಶಾರ್ಕುಗಳು ಹೆಚ್ಚಾಗಿ ಉಳಿದಿವೆಯೆಂಬುದೇ ಸಮಾಧಾನ.

ಶಾರ್ಕನ್ನು ಉಳಿಸಲು ಶಾಸನ ಬೇಕು. ಶಾಸನವನ್ನು ಉಳಿಸಲು ದೋಣಿಯವನ ಒಪ್ಪಿಗೆ ಬೇಕು. ಬದುಕಿರುವ ಮೀನಿನ ಗಳಿಕೆಯಲ್ಲಿ ಅವನಿಗೂ ಒಂದು ಪಾಲು ಸಿಕ್ಕಿದ ದಿನ, ಆ ೩೨ ಡಾಲರಿನ ನೆನಪು ಅವನನ್ನು ಕಾಡಲಾರದು.