ಗಾಳಿ ಬಾರದ ದಿನಕ್ಕೂ ಯೋಚಿಸಿದವರು

ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರಿಯರು ಹೇಳಿದರು. ಕಣ ಮಾಡಿದವರಿಗೆಲ್ಲ ಇದರ ಅರ್ಥ ಗೊತ್ತು. ಆದರೆ ಗಾಳಿಯೇ ಬಾರದ ದಿನ ಏನು ಗತಿ? ಈ ಪ್ರಶ್ನೆಯನ್ನು ಗಾಳಿ ಇರುವಾಗಲೇ ಕೇಳಿಕೊಳ್ಳುವವನೇ ವ್ಯವಹಾರದಲ್ಲಿ ನಿಜವಾದ ಮುಂದಾಳು. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅಂಥ ಒಬ್ಬರ ವಿಚಾರವನ್ನು ಸದಸ್ಯ ಬಂಧುಗಳ ಮುಂದಿಡುತ್ತೇನೆ.

ಸಹಕಾರ ನಮ್ಮ ನಾಡಿಗೆ ಹೊಸದಲ್ಲ. 1904ರಲ್ಲಿ ಕಾಯ್ದೆ ಬಂದ ಮರುವರ್ಷವೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. ಅಡಿಕೆಗಾಗಿ ಶಿವಮೊಗ್ಗದಲ್ಲಿ 1939ರಲ್ಲೇ ಮ್ಯಾಮ್ಕೋಸ್ ಆಯಿತು. ಆದರೂ 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಕರಾವಳಿಯ ಬೆಳೆಗಾರರು ಕಂಗಾಲಾದರು. ಆಗ ಅಡ್ಯನಡ್ಕದ ಕೃಷಿಕ ವಾರಣಾಶಿ ಸುಬ್ರಾಯ ಭಟ್ಟರು ಮುಂದಾಳತ್ವ ವಹಿಸಿದರು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ಭಟ್ಟರೇ ಸ್ಥಾಪಕ ಅಧ್ಯಕ್ಷರು. ಕರ್ನಾಟಕ, ಕೇರಳ ಎರಡೂ ರಾಜ್ಯದ ಬೆಳೆಗಾರರಿಗೆ ಒಂದೇ ಸಂಸ್ಥೆ. ಗಡಿಯ ಈಚೆ ಒಂದು ದರ, ಆಚೆ ಒಂದು ದರ ಎಂದಾದರೆ ಲಾಭ ವ್ಯಾಪಾರಿಗೇ ತಾನೆ?

ಅವರ ದೂರದೃಷ್ಟಿಗೆ ನಿಜವಾದ ಪರೀಕ್ಷೆ ಬಂದದ್ದು ಆಮೇಲೆ. ಅಡಿಕೆ ತೋಟದ ನೆರಳಿನಲ್ಲಿ ಜನ ಕೋಕೋ ಬೆಳೆದಿದ್ದರು. 1980ರ ಸುಮಾರಿಗೆ ಹೊರದೇಶಗಳಲ್ಲಿ ಕೋಕೋ ಬೆಲೆ ಇಳಿಯಿತು, ಇಲ್ಲಿ ಕೊಳ್ಳುತ್ತಿದ್ದವರು ಹಿಂದೆ ಸರಿದರು. ಒಣಗಿದ ಅಡಿಕೆಯಾದರೆ ಅಟ್ಟದಲ್ಲಿಟ್ಟು ಕಾಯಬಹುದು. ಕೋಕೋದ ಹಸಿ ಬೀಜವನ್ನು ಹಾಗೆ ಇಡಲಾಗದು, ಕೂಡಲೇ ಹುದುಗು ಬರಿಸಿ ಒಣಗಿಸಬೇಕು. ಕ್ಯಾಂಪ್ಕೊ ಖರೀದಿಗೆ ನಿಂತಿತು. ಅಷ್ಟಕ್ಕೇ ನಿಲ್ಲದೆ, ಬೀಜ ಮಾರಿದರೆ ಎಂದಿಗೂ ಇನ್ನೊಬ್ಬರ ಬಾಗಿಲು ಕಾಯಬೇಕೆಂದು ತಿಳಿದು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ರೈತರು ಚಾಕೊಲೇಟ್ ಮಾಡ್ತಾರಂತೆ ಎಂದು ನಗುವವರ ಮಧ್ಯೆಯೂ ಇಂಥ ಕೆಲಸಕ್ಕೆ ಕೈಹಾಕಲು ಎದೆಗಾರಿಕೆ ಬೇಕು.

ಇದರಿಂದ ನಾವು ಕಲಿಯುವುದೇನು? ಚನ್ನಗಿರಿ ಸೀಮೆಯಲ್ಲಿ ತುಮ್ಕೋಸ್ ಇದೆ. ಆದರೂ ಕೈಸಾಲದ ಒತ್ತಡಕ್ಕೆ ಹಸಿ ಅಡಿಕೆಯನ್ನು ಮರದಲ್ಲಿರುವಾಗಲೇ ಖೇಣಿಗೆ ಕೊಡುವವರು ನಮ್ಮಲ್ಲೇ ಇದ್ದಾರೆ. ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆ ಮೆಕ್ಕೆಜೋಳ ಎಲ್ಲರದೂ ಒಂದೇ ಸಲ ಮಾರುಕಟ್ಟೆಗೆ ಬಂದರೆ ದರ ಇಳಿಯದೆ ಇನ್ನೇನಾದೀತು? ಒಣಗಿಸಿ, ಗೋದಾಮಿನಲ್ಲಿಟ್ಟು, ಕಾದು ಮಾರುವ ಶಕ್ತಿ ಒಬ್ಬೊಬ್ಬನಿಗೆ ಇರುವುದಿಲ್ಲ. ಸಂಘಕ್ಕೆ ಬರಬಹುದು.

ಆದರೆ ಆ ಶಕ್ತಿ ಅಧ್ಯಕ್ಷರ ಕುರ್ಚಿಯಿಂದ ಬರುವುದಲ್ಲ. ಮಹಾಸಭೆಯಲ್ಲಿ ಹೆಚ್ಚು ಡಿವಿಡೆಂಡ್ ಕೊಡಿ ಎಂದು ಕೂಗುವವರು ನಾವೇ. ಹೊರಗೆ ಹತ್ತು ರೂಪಾಯಿ ಜಾಸ್ತಿ ಸಿಕ್ಕರೆ ಮಾಲು ಅಲ್ಲಿಗೆ ಒಯ್ಯುವವರೂ ನಾವೇ. ದರ ಬಿದ್ದ ದಿನ ಮಾತ್ರ ಸಂಘ ಏನು ಮಾಡ್ತಿದೆ ಅಂತ ಕೇಳುತ್ತೇವೆ. ಒಳ್ಳೆಯ ವರ್ಷದಲ್ಲಿ ಆಪದ್ಧನಕ್ಕೆ ಹಣ ಉಳಿಸಿ, ಬೇಡವೆನ್ನುವವರಿಗೆ ಲೆಕ್ಕ ತೋರಿಸಿ ಒಪ್ಪಿಸುವುದು ಮುಂದಾಳಿನ ಕೆಲಸ. ಒಪ್ಪಿದ ಮೇಲೆ ಜೊತೆ ಬಿಡದಿರುವುದು ಸದಸ್ಯರ ಕೆಲಸ.

ಇಪ್ಪತ್ತೈದು ವರ್ಷ ನಮ್ಮ ಸಂಘ ಸಾಲ ಕೊಟ್ಟಿದೆ, ಗೊಬ್ಬರ ಕೊಟ್ಟಿದೆ. ಮುಂದಿನ ಇಪ್ಪತ್ತೈದು ವರ್ಷದಲ್ಲಿ ನಮ್ಮ ಬೆಳೆಗೆ ನಾವೇ ಬೆಲೆ ಹೇಳುವಂತಾಗಲಿ. ಅದಕ್ಕೆ ಈ ಸುಗ್ಗಿಯಲ್ಲಿ ನಮ್ಮ ಮೊದಲ ಚೀಲ ಸಂಘದ ತಕ್ಕಡಿಗೆ ಬರಲಿ.