ಚಿನ್ನದ ಊರಿನ ಕಲ್ಲಚ್ಚಿನ ಚಿತ್ರಗಳೂ ಕನ್ನಡನಾಡಿನ ಗಣಿಜೀವನವೂ

ಶಾಸನಗಳನ್ನೂ ಓಲೆಯ ಗ್ರಂಥಗಳನ್ನೂ ಶೋಧಿಸಿ ರಾಜವಂಶಗಳ ಚರಿತ್ರೆಯನ್ನು ನಿರ್ಣಯಿಸುವ ಕ್ರಮವು ವಿದ್ವಾಂಸರಿಗೆ ಸುಪರಿಚಿತವಾದುದು. ಆದರೆ ದುಡಿದುಣ್ಣುವ ಜನರ ದಿನಚರಿಯನ್ನು ತಿಳಿಯಬೇಕಾದಲ್ಲಿ ಈ ಸಾಧನಗಳು ಸಾಲವು. ೧೯ನೆಯ ಶತಮಾನದಲ್ಲಿ ಬಿಡಿ ಹಾಳೆಗಳಾಗಿ ಮಾರಾಟವಾಗುತ್ತಿದ್ದ ಅಚ್ಚಿನ ಚಿತ್ರಗಳು ಈ ಕೊರತೆಯನ್ನು ಕೆಲಮಟ್ಟಿಗೆ ತುಂಬುವುವು. ಅವುಗಳಲ್ಲಿ ಚಿನ್ನದ ಆಸೆಯಿಂದ ಒಮ್ಮೆಲೇ ಎದ್ದುನಿಂತ ಊರುಗಳನ್ನು ಕುರಿತವು ಬಹಳ ಪ್ರಸಿದ್ಧವಾದುವು. ಅಂತಹ ಚಿತ್ರಗಳನ್ನು ಕೋಲಾರದ ಗಣಿಯ ವೃತ್ತಾಂತದೊಡನೆಯೂ, ಕಾಫಿಯಿಂದ ಬೆಳೆದ ಕೊಡಗಿನ ಪಾಲಿಬೆಟ್ಟದ ಸ್ಥಿತಿಯೊಡನೆಯೂ ಹೋಲಿಸಿ ನೋಡಿದರೆ, ಚಿತ್ರದಲ್ಲಿ ಕಾಣಿಸಿಕೊಂಡವರಾರು, ಕಾಣದೆ ಹೋದವರಾರು, ಅದಕ್ಕೆ ಕಾರಣವೇನು ಎಂಬ ಪ್ರಶ್ನೆಗಳು ಏಳುವುವು. ಅವುಗಳ ವಿಚಾರವೇ ಇಲ್ಲಿ ಉದ್ದಿಷ್ಟವಾದುದು.

೧. ಗಿಲ್ಲನ ಚಿತ್ರಗಳು

೧೮೫೧ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಚಿನ್ನವು ದೊರೆಯಿತೆಂಬ ವಾರ್ತೆ ಹರಡಲು, ನಾನಾ ದೇಶಗಳ ಜನರು ಅಲ್ಲಿಗೆ ನುಗ್ಗಿದರು. ಎಸ್. ಟಿ. ಗಿಲ್ (೧೮೧೮-೧೮೮೦) ಎಂಬ ಚಿತ್ರಕಾರನು ೧೮೫೨ರಲ್ಲಿ ಆ ಗಣಿಗಳಿಗೆ ಹೋಗಿ, ಅಲ್ಲಿ ಕಂಡುದನ್ನು ಅದೇ ವರ್ಷ ಮೆಲ್ಬರ್ನ್ ನಗರದಲ್ಲಿ ಕಲ್ಲಚ್ಚಿನ ಚಿತ್ರಮಾಲೆಯಾಗಿ ಪ್ರಕಟಿಸಿದನು. ಕಲ್ಲಚ್ಚೆಂದರೆ ನಯವಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಬರೆದು ಕಾಗದಕ್ಕೆ ಒತ್ತುವ ವಿಧಾನ. ಇದರಲ್ಲಿ ಕೊರೆಯುವ ಕೆಲಸವಿಲ್ಲ; ಚಿತ್ರಕಾರನ ಕೈಗೆರೆಯೇ ಅಚ್ಚಿಗೆ ಇಳಿಯುವುದು. ಆದುದರಿಂದ ನೋಡಿದ್ದಕ್ಕೂ ಅಚ್ಚಾದುದಕ್ಕೂ ಅಂತರವು ಅಲ್ಪವಾಗಿರುವುದು.

ಈ ಚಿತ್ರಗಳಲ್ಲಿ ಜನರು ಗುಂಡಿ ತೋಡುವುದೂ, ಡೇರೆಗಳ ಮುಂದೆ ಅಡುಗೆ ಮಾಡುವುದೂ ಕಾಣುವುವು. ಮಣ್ಣನ್ನು ತೊಳೆದು ಚಿನ್ನವನ್ನು ಬೇರ್ಪಡಿಸುವ ಮರದ ತೊಟ್ಟಿಯನ್ನು ಅಲ್ಲಿಯವರು ‘ತೊಟ್ಟಿಲು’ ಎನ್ನುತ್ತಿದ್ದರು. ಮಡಿಲಲ್ಲಿ ಕೂಸನ್ನಿಟ್ಟುಕೊಂಡೇ ಆ ತೊಟ್ಟಿಲನ್ನಾಡಿಸುವ ತಾಯಿಯೊಬ್ಬಳನ್ನು ಗಿಲ್ಲನು ಬರೆದಿರುವನು. ಬ್ಯಾಲರಾಟ್ ಪಟ್ಟಣದಲ್ಲಿ ಚೀನೀಯನೊಬ್ಬನು ನಡೆಸುತ್ತಿದ್ದ ಊಟದ ಮನೆಯು ಅವನ ೧೮೫೫ರ ಚಿತ್ರವೊಂದರ ವಿಷಯ. ಇನ್ನೊಂದರಲ್ಲಿ ಸರಕಾರದ ಅಧಿಕಾರಿಯು ಗಣಿಗಾರನ ಪರವಾನಗಿಯನ್ನು ತಪಾಸಣೆ ಮಾಡುತ್ತಿರುವನು. ಚಿನ್ನ ಸಿಕ್ಕಲಿ ಬಿಡಲಿ, ಆ ಪರವಾನಗಿಗೆ ಮೊದಲಲ್ಲಿ ತಿಂಗಳಿಗೆ ೩೦ ಷಿಲಿಂಗುಗಳನ್ನು ತೆರಬೇಕಾಗಿದ್ದಿತು. ಈ ಅಸಮಾಧಾನವೇ ಬೆಳೆದು ೧೮೫೪ರ ಡಿಸೆಂಬರಿನಲ್ಲಿ ಬ್ಯಾಲರಾಟಿನ ಯುರೇಕದಲ್ಲಿ ರಕ್ತಪಾತದಲ್ಲಿ ಪರಿಣಮಿಸಿತು.

ಇವು ಮಾರಾಟಕ್ಕಾಗಿ ಬರೆದ ಚಿತ್ರಗಳಾದುದರಿಂದ ವಿನೋದದ ಅಂಶವು ಅಲ್ಲಲ್ಲಿ ಅತಿಯಾಗಿರುವುದು ನಿಜ. ಆದರೆ ಕೊಳ್ಳುವವರಲ್ಲಿ ಅನೇಕರು ಗಣಿಗಳನ್ನು ಕಣ್ಣಾರೆ ಕಂಡವರಾಗಿದ್ದುದರಿಂದ, ಉಪಕರಣ ಉಡುಪುಗಳ ವಿಷಯದಲ್ಲಿ ಸುಳ್ಳು ನಡೆಯುವಂತಿರಲಿಲ್ಲ. ಇದಕ್ಕಿಂತ ಮುಖ್ಯವಾದುದೇನೆಂದರೆ, ಇಲ್ಲಿ ಪ್ರತಿಯೊಬ್ಬ ಗಣಿಗಾರನೂ ತನ್ನ ಗುಂಡಿಗೆ ತಾನೇ ಒಡೆಯನು. ಅಂತಹವನಿಗೆ ಮುಖವೂ ಇರುವುದು, ಚಿತ್ರವನ್ನು ಕೊಳ್ಳುವ ಶಕ್ತಿಯೂ ಇರುವುದು.

೨. ಕನ್ನಡನಾಡಿನ ಕಲ್ಲಚ್ಚು, ವಾರನ್ನನ ವರ್ಣನೆ

ಕಲ್ಲಚ್ಚು ಕನ್ನಡಿಗರಿಗೆ ಅಪರಿಚಿತವಾಗಿದ್ದಿತೆಂದು ಭಾವಿಸಲಾಗದು. ಗಿಲ್ಲನ ಚಿತ್ರಮಾಲೆಗಿಂತ ಒಂಬತ್ತು ವರ್ಷ ಮೊದಲೇ, ೧೮೪೩ರ ಜುಲೈಯಲ್ಲಿ, ಬಾಸೆಲ್ ಮಿಶನ್ನಿನ ಹೆರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ೧೮೪೮ರಿಂದ ಮುಂದೆ ಅವರ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಮಾಲೆಯ ಪ್ರಾಚೀನ ಕಾವ್ಯಗಳು ಹೊರಬಂದುದೂ ಕಲ್ಲಚ್ಚಿನಲ್ಲಿಯೇ. ಆದರೆ ಇಲ್ಲಿ ಕಲ್ಲು ಅಕ್ಷರದ ಸೇವೆಗೆ ನಿಂತಿತೇ ಹೊರತು ದಿನಬಳಕೆಯ ಚಿತ್ರಕ್ಕೆ ವಿನಿಯೋಗವಾದುದು ವಿರಳ. ಆದಕಾರಣ ಕನ್ನಡನಾಡಿನ ಚಿನ್ನದ ಕೆಲಸಕ್ಕೆ ಹಳೆಯ ಚಿತ್ರವನ್ನರಸುವವರು ಬರಹವನ್ನೇ ಚಿತ್ರವೆಂದು ನೋಡಬೇಕಾಗುವುದು.

ಅಂತಹ ಬರಹಗಳಲ್ಲಿ ಮೊದಲನೆಯದು ಲೆಫ್ಟೆನೆಂಟ್ ಜಾನ್ ವಾರನ್ನನದು. ೧೮೦೨ರಲ್ಲಿ ಮೈಸೂರು ಸಂಸ್ಥಾನದ ಮೂಡಣ ಎಲ್ಲೆಯನ್ನು ಮೋಜಣಿ ಮಾಡುತ್ತಿದ್ದಾಗ, ಆ ಸೀಮೆಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ವದಂತಿ ಅವನ ಕಿವಿಗೆ ಬಿದ್ದಿತು. ಉರಿಗಾಮಿನ ಹೆಂಗಸರು ಅವನೆದುರಿಗೇ ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದಲ್ಲಿ ಗಣಿಯೊಳಗೆ ಅಲ್ಲಲ್ಲಿ ನಿಂತ ಆಳುಗಳು ಕಲ್ಲು ತುಂಬಿದ ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಮೇಲೆ ಹೆಂಗಸರು ಆ ಕಲ್ಲುಗಳನ್ನು ದೊಡ್ಡ ಬಂಡೆಯ ಮೇಲೆ ಕುಟ್ಟಿ ಪುಡಿಮಾಡಿ, ಬಳಿಕ ತೊಳೆಯುತ್ತಿದ್ದರು. ಈ ವರ್ಣನೆಯಲ್ಲಿ ಕೆಲಸದ ಕ್ರಮ, ಗಂಡು ಹೆಣ್ಣುಗಳ ಪಾಲು ಎಲ್ಲವೂ ಸ್ಪಷ್ಟವಾಗಿರುವುವು. ಗಿಲ್ಲನ ತೊಟ್ಟಿಲಾಡಿಸುವ ತಾಯಿಗೆ ಅರ್ಧ ಶತಮಾನದಷ್ಟು ಹಿರಿಯರು ಉರಿಗಾಮಿನ ಈ ಹೆಂಗಸರು.

೩. ಕೋಲಾರದ ಊರು

ಕೋಲಾರದ ಹೊಸ ಯುಗವು ಮೈಕೆಲ್ ಲವೆಲ್ಲನಿಂದ ಮೊದಲಾಯಿತು. ನ್ಯೂಜಿಲೆಂಡಿನ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನಲ್ಲಿ ನೆಲಸಿದ್ದ ಈತನು ೧೮೭೩ರಲ್ಲಿ ಅರ್ಜಿ ಸಲ್ಲಿಸಿ, ೧೮೭೫ರಲ್ಲಿ ಗಣಿಯ ಹಕ್ಕನ್ನು ಪಡೆದನು. ಆದರೆ ಇಲ್ಲಿಯ ಚಿನ್ನವು ವಿಕ್ಟೋರಿಯದ ಮೊದಲ ಗಣಿಗಳಲ್ಲಿದ್ದಂತೆ ತೊರೆಯ ಮರಳಿನಲ್ಲಿ ದೊರೆಯುವುದಲ್ಲ. ಬೆಣಚುಕಲ್ಲಿನ ಸಿರದಲ್ಲಿ ಆಳಕ್ಕಿಳಿಯುವುದು. ಅದನ್ನು ತೆಗೆಯಲು ಯಂತ್ರ ಬೇಕು, ಯಂತ್ರಕ್ಕೆ ಬಂಡವಾಳ ಬೇಕು. ಲವೆಲ್ಲನು ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. ಕ್ರಮೇಣ ಗಣಿಗಳು ಲಂಡನ್ನಿನ ಜಾನ್ ಟೇಲರ್ ಮತ್ತು ಮಕ್ಕಳ ಆಡಳಿತಕ್ಕೆ ಸೇರಿದುವು. ಬಂಡವಾಳವು ಬರಿದಾಗುತ್ತಿದ್ದ ಸಮಯದಲ್ಲಿ, ೧೮೮೩ರಲ್ಲಿ, ಪ್ಲಮ್ಮರನು ಹಳೆಯ ಗುಂಡಿಗಳ ಜಾಡು ಹಿಡಿದು ಕೆಳಗಿಳಿದು ಚಾಂಪಿಯನ್ ಸಿರವನ್ನು ಮುಟ್ಟಿದನು. ಹೆಸರಿಲ್ಲದ ಪೂರ್ವಿಕರ ದುಡಿಮೆಯೇ ಕಂಪೆನಿಗೆ ದಾರಿ ತೋರಿತೆಂಬುದನ್ನು ಇಲ್ಲಿ ಗಮನಿಸಬೇಕು.

ಹೀಗೆ ಎದ್ದ ಊರು ಕಂಪೆನಿಯ ಊರು. ಕಾರ್ನ್‌ವಾಲಿನಿಂದ ಬಂದ ಮೇಲ್ವಿಚಾರಕರಿಗೆ ಬಂಗಲೆಗಳು; ಉತ್ತರ ಆರ್ಕಾಟು ಮೊದಲಾದ ಜಿಲ್ಲೆಗಳಿಂದ ಬಂದ ತಮಿಳು, ತೆಲುಗು ಆಳುಗಳಿಗೆ ಸಾಲುಗುಡಿಸಲುಗಳು. ೧೮೯೪ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಕ್ಕೆ ರೈಲು ಬಂದಿತು. ೧೯೦೨ರಲ್ಲಿ ಶಿವನಸಮುದ್ರದಿಂದ ಸುಮಾರು ೯೨ ಮೈಲಿ ದೂರ ವಿದ್ಯುಚ್ಛಕ್ತಿಯು ಹರಿಯಿತು. ಆ ವೇಳೆಗೆ ಕಲ್ಲಚ್ಚಿನ ಸ್ಥಾನವನ್ನು ಛಾಯಾಚಿತ್ರವು ಆಕ್ರಮಿಸಿದ್ದಿತು. ಆದರೆ ಕಂಪೆನಿಗೆ ಬೇಕಾದುದು ಯಂತ್ರದ ಚಿತ್ರ, ಗಣಿಬಾವಿಯ ಮೇಲಣ ಗೋಪುರದ ಚಿತ್ರ. ಕೂಲಿಯು ತನ್ನ ಗುಂಡಿಗೆ ಒಡೆಯನಲ್ಲ. ಚಿತ್ರದ ಗಿರಾಕಿಯೂ ಅಲ್ಲ. ಕೋಲಾರಕ್ಕೊಬ್ಬ ಗಿಲ್ಲನು ಹುಟ್ಟದಿದ್ದುದಕ್ಕೆ ಚಿತ್ರಕಾರರ ಅಭಾವಕ್ಕಿಂತ ಈ ಒಡೆತನದ ವ್ಯತ್ಯಾಸವೇ ಮುಖ್ಯ ಕಾರಣವೆಂದು ತೋರುವುದು.

೪. ವೈನಾಡು ಮತ್ತು ಪಾಲಿಬೆಟ್ಟ

ಚಿನ್ನದ ನೂಕುನುಗ್ಗಲು ಕೊಡಗಿನ ನೆರೆಯ ವೈನಾಡಿನಲ್ಲಿಯೂ ನಡೆಯಿತು. ವಿಕ್ಟೋರಿಯದ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ಬ್ರೌ ಸ್ಮಿತ್ ಎಂಬಾತನೇ ಇಲ್ಲಿಗೆ ಬಂದು ೧೮೮೦ರಲ್ಲಿ ವರದಿಯನ್ನಿತ್ತನು. ಸುಮಾರು ೫೦ ಲಕ್ಷ ಪೌಂಡುಗಳ ನಾಮಮಾತ್ರ ಬಂಡವಾಳದ ಕಂಪೆನಿಗಳು ಹುಟ್ಟಿದುವು. ಕಾಫಿತೋಟಗಳು ಚಿನ್ನದ ನೆಲವೆಂಬ ಹೆಸರಿನಲ್ಲಿ ಕೈಬದಲಾಯಿಸಿದುವು. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿದು, ದೇವಾಲ ಪಂದಲೂರುಗಳ ಸುತ್ತಣ ಕಾಡಿನಲ್ಲಿ ಯಂತ್ರಗಳು ತುಕ್ಕು ಹಿಡಿದುವು. ಅಲ್ಲಿ ನುಗ್ಗಿದುದು ಜನವಲ್ಲ, ಲಂಡನ್ನಿನ ಷೇರುಪೇಟೆಯ ಹಣ.

ಕೊಡಗಿನ ಹೊನ್ನು ಕಾಫಿಯೇ. ೧೮೫೪ರಲ್ಲಿ ಫೌಲರನು ಮಡಿಕೇರಿಯಲ್ಲಿ ಯೂರೋಪಿಯನರ ಮೊದಲ ತೋಟವನ್ನು ತೆರೆದನು. ೧೮೬೭ರ ಸುಮಾರಿನಲ್ಲಿ ಕಾಂಡಕೊರಕ ಹುಳುವಿನ ಹಾವಳಿಯಿಂದ ಬಿಸಿಲಿಗೆ ತೆರೆದ ತೋಟಗಳು ನಾಶವಾಗಲು, ನೆರಳಿನ ಬೇಸಾಯಕ್ಕೆ ಬೆಲೆ ಬಂದಿತು. ಆಗ ಮೂಡಣ ಬಿದಿರುಸೀಮೆಯು ಏಳಿಗೆ ಹೊಂದಿತು. ಪಾಲಿಬೆಟ್ಟವು ಅದರ ಕೇಂದ್ರವಾಯಿತು. ಕನ್ಸಾಲಿಡೇಟೆಡ್ ಕಾಫಿ ಎಸ್ಟೇಟ್ಸ್ ಕಂಪೆನಿಯ ಕಛೇರಿಯೂ ಇಲ್ಲಿಯೇ ನೆಲಸಿದ್ದಿತು. ಇಲ್ಲಿಯೂ ಬೆಟ್ಟದ ಮೇಲೆ ಬಂಗಲೆ, ಕೆಳಗೆ ಲೈನುಮನೆ. ಮೈಸೂರು ಸೀಮೆಯಿಂದ ಮೇಸ್ತ್ರಿಯ ಮುಂಗಡ ಪಡೆದು ಬಂದ ಆಳುಗಳು. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಸೆರೆಗೆ ಕಳುಹಿಸಬಹುದಾಗಿದ್ದ ೧೮೫೯ರ ಕಾಯಿದೆಯು ೧೯೨೫ರಲ್ಲಿ ರದ್ದಾಯಿತು. ಪಾಲಿಬೆಟ್ಟಕ್ಕೆ ಸಮೀಪದ ಆನಂದಪುರದಲ್ಲಿ ಜೀತದಿಂದ ಬಿಡುಗಡೆ ಬಯಸಿ ಬಂದವರಿಗಾಗಿ ನೆಲೆಯನ್ನು ಕಲ್ಪಿಸಿದವರು, ಮಂಗಳೂರಿಗೆ ಕಲ್ಲಚ್ಚಿನ ಪತ್ರಿಕೆಯನ್ನಿತ್ತ ಮೋಗ್ಲಿಂಗರೇ ಎಂಬುದು ಗಮನಾರ್ಹವಾದ ಸಂಗತಿ.

೫. ಉಪಸಂಹಾರ

ಮೇಲಣ ವಿಚಾರದಿಂದ ಎರಡು ಅಂಶಗಳು ಸಿದ್ಧವಾಗುವುವು. ಒಂದು: ಗಿಲ್ಲನ ಚಿತ್ರಗಳನ್ನು ಎಲ್ಲ ಚಿನ್ನದ ಊರುಗಳ ಮಾದರಿಯೆಂದೆಣಿಸಿ, ಅದೇ ಬಣ್ಣವನ್ನು ಕೋಲಾರಕ್ಕೆ ಹಚ್ಚುವುದು ಸರಿಯಲ್ಲ. ಎರಡು: ಚಿತ್ರವಿಲ್ಲದೆಡೆಯಲ್ಲಿ ಜೀವನವೇ ಇರಲಿಲ್ಲವೆಂದು ತಿಳಿಯಬಾರದು, ಮೋಜಣಿಯ ವರದಿ, ಕೂಲಿಯ ಪಟ್ಟಿ, ಮುಂಗಡದ ಕರಾರು, ನ್ಯಾಯಸ್ಥಾನದ ಕಡತ ಇವುಗಳಲ್ಲಿ ಅದನ್ನು ಅರಸಬೇಕು. ೧೯೩೦ರಲ್ಲಿ ಕೋಲಾರದ ಗಣಿಗಳಲ್ಲಿ ಆಳುಗಳೆಲ್ಲರ ಬೆರಳಚ್ಚನ್ನು ತೆಗೆದು ದಾಖಲಿಸುವ ಏರ್ಪಾಡನ್ನು ಜಾರಿಗೆ ತರಲು, ಅವರು ಅದನ್ನು ಅವಮಾನವೆಂದು ಬಗೆದು ದೊಡ್ಡ ಮುಷ್ಕರವನ್ನೇ ಹೂಡಿದರು. ೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ವಿಕ್ಟೋರಿಯದ ಗಣಿಗಾರನು ತನ್ನ ಚಿತ್ರದ ಅಚ್ಚನ್ನು ಮನೆಗೆ ಕಳುಹಿಸಬಲ್ಲವನಾಗಿದ್ದನು. ಕೋಲಾರದ ಗಣಿಗಾರನಿಂದ ಕಂಪೆನಿಯು ಕೇಳಿದುದು ಅವನ ಬೆರಳಿನ ಅಚ್ಚನ್ನು ಮಾತ್ರ. ಈ ಭೇದವನ್ನು ಮರೆಯದೆ ಬರೆದಾಗಲೇ ಕನ್ನಡನಾಡಿನ ಗಣಿಗಳ ಮತ್ತು ತೋಟಗಳ ಚರಿತ್ರೆಯು ಪೂರ್ಣವಾಗುವುದು.